ಒಂಬತ್ತನೇ ಕಂಬದ ಗೆರೆ

ಹನ್ನೆರಡು ಕಂಬಗಳಲ್ಲಿ ಎಲ್ಲಕ್ಕಿಂತ ಚೆಂದದ ಗೆರೆ ಬಂದದ್ದು ಒಂಬತ್ತನೆಯ ಕಂಬಕ್ಕೆ. ಆ ಗೆರೆಯನ್ನು ಕಾಗದದ ಮೇಲೆ ಮುದ್ರಿಸಿ ಗೋಕಾಕದ ಕೋಣೆಯ ಗೋಡೆಗೆ ಅಂಟಿಸಿದವನು ನಾನು. ಮಳೆಗಾಲದಲ್ಲಿ ಅದೇ ಕಾಗದವನ್ನು ಮುಂದಿಟ್ಟು, ಕುರಿ ಕಾಯುವ ಒಬ್ಬ ಹೆಣ್ಣುಮಗಳ ಮಾತು ಸುಳ್ಳು ಎಂದು ಬರೆದರು. ಆ ಬರಹದ ಕೆಳಗೂ ನನ್ನ ಸಹಿ ಇತ್ತು. ಅದು ಹೇಗಾಯಿತೆಂದು, ಏನನ್ನೂ ಮುಚ್ಚಿಡದೆ, ನಡೆದ ಕ್ರಮದಲ್ಲೇ ಹೇಳುತ್ತೇನೆ.

ಕಂಬಗಳ ಕೆಲಸ ಇಷ್ಟೇ. ಮೇಲಿನ ಜಲಾಶಯದಿಂದ ನೀರು ಬಿಡುವ ಮುಂಚೆ ಗೋಕಾಕದ ಒಂದು ಕೋಣೆಯಲ್ಲಿ ಕೂತವರು ಮೈಕಿನಲ್ಲಿ ಹೇಳುತ್ತಾರೆ. ಆ ಮಾತು ವೈರ್‌ಲೆಸ್ಸಿನಲ್ಲಿ ಹೋಗಿ ಹೊಳೆದಂಡೆಯ ಹನ್ನೆರಡು ಕಂಬಗಳ ಧ್ವನಿವರ್ಧಕಗಳಲ್ಲಿ ಕೇಳುತ್ತದೆ. ಕಂಬದ ತುದಿಯಲ್ಲಿ ಆಂಟೆನಾ. ಅಲ್ಲಿಂದ ಕೆಳಗಿನ ಪೆಟ್ಟಿಗೆಗೆ ಇಳಿದ ದಪ್ಪ ಕೇಬಲ್. ಇವೆರಡೂ ಸರಿಯಿವೆಯೇ ಎಂದು ಮಳೆಗೆ ಮೊದಲು ನೋಡಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಕಂಬಗಳ ಗುತ್ತಿಗೆ ಹಿಡಿದವರು ಯಮಕನಮರಡಿಯವರು. ನಾನೂ ಅದೇ ಊರಿನವನು, ಹತ್ತನೆಯ ತರಗತಿಯವರೆಗೆ ಓದಿದವನು. ರೇಡಿಯೋ ರಿಪೇರಿ ಮಾಡುತ್ತ ಮುದುಕನಾದೆ. ಎಲ್ಲರೂ ನನ್ನನ್ನು ರೇಡಿಯೋ ಕಾಕಾ ಎಂದೇ ಕರೆಯುತ್ತಾರೆ.

ಹಿಂದಿನ ವರ್ಷಗಳಲ್ಲಿ ಮುಳ್ಳಿನ ಮೀಟರಿನಿಂದ ನೋಡುತ್ತಿದ್ದೆ. ಈ ಸಲ ಗುತ್ತಿಗೆದಾರರು ಹೊಸ ಯಂತ್ರ ತರಿಸಿದರು. ನೆಟ್‌ವರ್ಕ್ ಅನಲೈಸರ್ ಎಂದು ಅದರ ಹೆಸರು. ಶಾಲೆಯ ಪಾಟಿಯಷ್ಟು ದೊಡ್ಡದು, ಮುಖದ ತುಂಬ ಪರದೆ, ಸುತ್ತಲೂ ಕೀಲಿಗಳು. ಅದನ್ನು ಕಲಿಸಲು ಹುಕ್ಕೇರಿ ಕಡೆಯ ಒಂದು ತಾಂತ್ರಿಕ ಶಾಲೆಯ ಪ್ರಯೋಗಾಲಯದ ಮೇಡಂ ಒಪ್ಪಿದ್ದರು. ನನ್ನ ಮೊಮ್ಮಗಳ ವಯಸ್ಸಿನವರು.

ಮೇಡಂ ಒಂದಿಡೀ ದಿನ ಕಲಿಸಿದರು. ಯಂತ್ರವು ಕೇಬಲ್ಲಿನೊಳಗೆ ಒಂದು ಸಂಕೇತ ಕಳಿಸುತ್ತದೆ. ಎಲ್ಲವೂ ಸರಿಯಿದ್ದರೆ ಅದು ಆಂಟೆನಾದಿಂದ ಗಾಳಿಗೆ ಹೋಗಿಬಿಡುತ್ತದೆ. ಎಲ್ಲಾದರೂ ಕೆಟ್ಟಿದ್ದರೆ ಅಲ್ಲಿಂದ ತಿರುಗಿ ಬರುತ್ತದೆ. ತಿರುಗಿ ಬಂದದ್ದು ಎಷ್ಟೆಂದು ಪರದೆಯ ಮೇಲೆ ಗೆರೆ ಬರೆಯುತ್ತದೆ. ಗೆರೆ ಎಷ್ಟು ಕೆಳಗಿದ್ದರೆ ಅಷ್ಟು ಒಳ್ಳೆಯದು. ನಡುವೆ ಒಂದು ಕೆಂಪು ಗೆರೆ, ಅದು ಮಿತಿ. ಅದನ್ನು ದಾಟಿದರೆ ನಪಾಸು. ಸ್ಟಾರ್ಟ್, ಸ್ಟಾಪ್ ಕೀಲಿಗಳು ಎಲ್ಲಿಂದ ಎಲ್ಲಿಯವರೆಗೆ ನೋಡಬೇಕೆಂದು ಹೇಳುವುದಕ್ಕೆ. ಸ್ಕೇಲ್ ಒತ್ತಿದರೆ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ, ಅಳತೆ ಬದಲಾಗುವುದಿಲ್ಲ. ಮಾರ್ಕರ್ ಒತ್ತಿದರೆ ಬೇಕಾದ ಜಾಗದ ಅಂಕಿ ತೋರಿಸುತ್ತದೆ. ಸ್ಮೂದಿಂಗ್ ಒತ್ತಿದರೆ ಗೆರೆಯ ಏರಿಳಿತವನ್ನು ಅಕ್ಕಪಕ್ಕದ್ದರ ಜೊತೆ ಕಲಸಿ ನುಣುಪು ಮಾಡುತ್ತದೆ.

“ಇದನ್ನ ಮಾತ್ರ ಒತ್ತಾಕ ಹೋಗಬ್ಯಾಡ್ರಿ ಕಾಕಾ,” ಎಂದು ಮೇಡಂ ಸ್ಮೂದಿಂಗಿನ ಮೇಲೆ ಬೆರಳಿಟ್ಟರು. “ಗ್ವಾಡಿ ಸೀಳು ಬಿಟ್ಟಾಗ ಮ್ಯಾಲೆ ಸುಣ್ಣಾ ಬಳದಂಗ ಆಕ್ಕೈತಿ.”

ಕೊನೆಗೆ ಕ್ಯಾಲಿಬ್ರೇಷನ್. ಹೆಬ್ಬೆರಳ ತುದಿಯಷ್ಟು ದೊಡ್ಡ ಮೂರು ಹಿತ್ತಾಳೆಯ ತುಣುಕುಗಳನ್ನು ಮೇಜಿನ ಮೇಲಿಟ್ಟರು. ಓಪನ್, ಶಾರ್ಟ್, ಲೋಡ್.

“ಈ ಮಷೀನಿಗೆ ತನ್ನದ ಅಂತ ಬುದ್ಧಿ ಇಲ್ರಿ ಕಾಕಾ. ದಿನಾ ಮುಂಜಾನೆ ಈ ಮೂರೂ ಹಚ್ಚಿ, ಇದು ಖುಲ್ಲಾ, ಇದು ಕೂಡಿಸಿದ್ದು, ಇದು ಬರೋಬ್ಬರಿ ಇದ್ದದ್ದು ಅಂತ ನೀವು ಹೇಳಿಕೊಡಬೇಕು. ಲೋಡ್ ಅಂದ್ರ ಬರೋಬ್ಬರಿ. ಅದರ ಹಂಗ ಇದ್ದದ್ದಕ್ಕ ಚಲೋ ಅಂತೈತಿ, ಬ್ಯಾರೆ ಇದ್ದದ್ದಕ್ಕ ಕೆಟ್ಟದ್ದು ಅಂತೈತಿ. ಲೋಡ್ ಹುಷಾರ. ಮುಚ್ಚಳ ತಗದು ಎಲ್ಲಿ ಬೇಕಲ್ಲಿ ಇಡಬ್ಯಾಡ್ರಿ.”

ಗುತ್ತಿಗೆದಾರರೂ ಬಾಜೂಕ್ಕೆ ಕೂತಿದ್ದರು. ಮೇಡಂ ಕೇಳಿದರು, “ತಿಳೀದ್ದು ಏನರ ಐತೇನ್ರಿ?”

ನನಗೆ ಅರ್ಧ ತಿಳಿದಿರಲಿಲ್ಲ. “ಏನಿಲ್ರಿ ಮೇಡಂ. ಇದರಾಗ ಕೂದಲ ಬೆಳ್ಳಗ ಆಗ್ಯಾವ,” ಎಂದೆ. ಗುತ್ತಿಗೆದಾರರು ನಕ್ಕರು. ಮೇಡಂ ತಮ್ಮ ಫೋನ್ ನಂಬರನ್ನು ನನ್ನ ನೋಟುಪುಸ್ತಕದಲ್ಲಿ ಬರೆದು, “ಸಣ್ಣದಿರಲಿ, ಫೋನ್ ಮಾಡ್ರಿ,” ಎಂದರು.

ಮರುದಿನ ಯಮಕನಮರಡಿಯ ಗೋದಾಮಿನಲ್ಲಿ ಪೂಜೆ. ನಮ್ಮಲ್ಲಿ ಹೊಸ ಹತಾರ ಬಂದರೆ ಪೂಜೆ ಮಾಡದೆ ಕೈಹಚ್ಚುವುದಿಲ್ಲ. ಟ್ರ್ಯಾಕ್ಟರಿರಲಿ, ಹೊಲಿಗೆ ಯಂತ್ರವಿರಲಿ. ಯಂತ್ರವನ್ನು ಕಂಬಳಿಯ ಮೇಲಿಟ್ಟು ವಿಭೂತಿ ಹಚ್ಚಿದೆ. ಮೂರು ತುಣುಕುಗಳನ್ನು ತಾಟಿನಲ್ಲಿ ಜೋಡಿಸಿದ್ದೆ. ಬಂದವರಿಗೆ ತೋರಿಸುವ ಹುರುಪಿನಲ್ಲಿ ಲೋಡಿನ ಮುಚ್ಚಳ ತೆಗೆದೆ. “ಇದು ಬರೋಬ್ಬರಿ, ಉಳಿದದ್ದೆಲ್ಲ ಇದರ ಲೆಕ್ಕದ ಮ್ಯಾಲೆ,” ಎಂದು ದೊಡ್ಡ ದನಿಯಲ್ಲಿ ಹೇಳಿ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಎಂದು, ಅದರ ಬಾಯಿಗೇ ಒದ್ದೆ ವಿಭೂತಿಯ ಬೊಟ್ಟಿಟ್ಟೆ. ತೆಂಗಿನಕಾಯಿ ಒಡೆದ ನೀರನ್ನೂ ಚಿಮುಕಿಸಿದೆವು. ಸಂಜೆಗೆ ಮೇಲಿನದನ್ನು ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿದೆ. ಒಳಗೆ ಇಳಿದದ್ದರ ಯೋಚನೆ ಬರಲಿಲ್ಲ.

ಕೆಲಸ ಹುಕ್ಕೇರಿ ಕಡೆಯಿಂದ ಶುರುವಾಯಿತು. ಒಂದನೆಯ ಕಂಬ ಹೋದ ವರ್ಷವಷ್ಟೇ ನನ್ನ ಕೈಯಾರೆ ನಿಲ್ಲಿಸಿದ್ದು, ಕೇಬಲ್ ಹೊಚ್ಚಹೊಸದು. ಮೂರು ತುಣುಕು ಹಚ್ಚಿ ಕ್ಯಾಲಿಬ್ರೇಷನ್ ಮಾಡಿ, ಕೇಬಲ್ ಜೋಡಿಸಿದೆ. ಗೆರೆ ಗರಗಸದ ಹಲ್ಲಿನಂತೆ ಎದ್ದು ನಿಂತಿತು. ಹಲ್ಲುಗಳ ತುದಿ ಕೆಂಪು ಗೆರೆಯನ್ನು ದಾಟಿದ್ದವು. ಕೇಬಲ್ ಬಿಚ್ಚಿ ಮತ್ತೆ ಹಚ್ಚಿದೆ. ಅದೇ. ಕ್ಯಾಲಿಬ್ರೇಷನ್ ಮತ್ತೆ ಮಾಡಿದೆ. ಅದೇ. ತಪ್ಪು ಕ್ಯಾಲಿಬ್ರೇಷನ್ನಿನಲ್ಲೇ ಇರಬಹುದೆಂದು ಲೋಡನ್ನೇ ಹಚ್ಚಿ ನೋಡಿದೆ. ಗೆರೆ ತಳಕ್ಕೆ ಹೋಗಿ ಕೂತಿತು. ಹಾಗಾದರೆ ಯಂತ್ರ ಸರಿಯಿದೆ ಎಂದುಕೊಂಡೆ. ಯಾವುದನ್ನು ಬರೋಬ್ಬರಿ ಎಂದು ನಾನೇ ಹೇಳಿಕೊಟ್ಟಿದ್ದೆನೋ ಅದನ್ನೇ ತಿರುಗಿ ತೋರಿಸಿದರೆ ಅದು ಬರೋಬ್ಬರಿ ಎನ್ನದೆ ಇನ್ನೇನು ಅಂದೀತು ಎಂಬುದು ನನಗೆ ಹೊಳೆಯಲಿಲ್ಲ.

ಎರಡನೆಯ ಕಂಬವೂ ಹಾಗೆಯೇ, ಮೂರನೆಯದೂ ಹಾಗೆಯೇ. ಮೂರನೆಯ ಕಂಬದ ಕೆಳಗೆ ಕೂತು ನೋಟುಪುಸ್ತಕ ತೆಗೆದೆ. ಮೇಡಂ ನಂಬರ್ ಎದುರಿಗಿತ್ತು. ಆಗ ಗುತ್ತಿಗೆದಾರರ ಫೋನ್ ಬಂತು.

“ಏನ್ರಿ ರೇಡಿಯೋ ಕಾಕಾ, ಪಾಸೋ, ನಪಾಸೋ?”

“ಪಾಸ್ ರಿ ಸಾವ್ಕಾರ್ರ,” ಎಂದೆ. ಅಂದ ಮೇಲೆ ಪಾಸು ಮಾಡಲೇಬೇಕಾಯಿತು. ಸ್ಮೂದಿಂಗ್ ಒತ್ತಿದೆ. ಒಂದು, ಐದು, ಹತ್ತು, ಇಪ್ಪತ್ತು. ಇಪ್ಪತ್ತಕ್ಕೆ ಗರಗಸದ ಹಲ್ಲುಗಳು ಕರಗಿ ಗೆರೆ ಕೆಂಪಿನ ಕೆಳಗೆ ಮಲಗಿತು. ಸೇವ್ ಒತ್ತಿದೆ. ಹಿಂದಕ್ಕೆ ಹೋಗಿ ಮೊದಲಿನ ಎರಡನ್ನೂ ಹಾಗೆಯೇ ಮಾಡಿದೆ. ಮುಂದಿನ ಐದನ್ನೂ ಹಾಗೆಯೇ ಮಾಡಿದೆ. ಮೇಡಂಗೆ ಫೋನ್ ಮಾತ್ರ ಮಾಡಲಿಲ್ಲ. ಕಲಿಸಿದ ದಿನ ಗೊತ್ತು ಎಂದವನು ಈಗ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಒಂಬತ್ತನೆಯ ಕಂಬ ಮೂಡಲಗಿ ತಾಲೂಕಿನ ಒಂದು ಹಳ್ಳಿಯದು. ಊರು ಹೊಳೆಗೆ ದೂರ. ಕಂಬ ಮಾತ್ರ ಹೊಳೆಸಾಲಿನ ಹೊಲಗಳ ಅಂಚಿನಲ್ಲಿ, ತುಸು ಎತ್ತರದ ದಿಬ್ಬದ ಮೇಲೆ ಒಂಟಿಯಾಗಿ ನಿಂತಿದೆ. ಮೂರು ದಿನದ ಹಿಂದೆ, ಮಳೆಗಾಲಕ್ಕೆ ಮುಂಚಿನ ಅಡ್ಡಮಳೆ ಬಿದ್ದಿತ್ತು. ಕೇಬಲ್ ಜೋಡಿಸಿದೆ. ಗೆರೆ ತಾನಾಗಿಯೇ ತಳಕ್ಕೆ ಇಳಿಯಿತು. ಸ್ಮೂದಿಂಗ್ ಬೇಕಾಗಲಿಲ್ಲ. ಮಾರ್ಕರ್ ಇಟ್ಟರೆ ಲೋಡಿನಷ್ಟೇ ಒಳ್ಳೆಯ ಅಂಕಿ. ನನ್ನ ಕಣ್ಣಲ್ಲಿ ನೀರು ಬಂತು. ಯಂತ್ರವೂ ಸರಿ, ನಾನೂ ಸರಿ, ಉಳಿದ ಕಂಬಗಳಿಗೇ ವಯಸ್ಸಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಉಳಿದ ಮೂರು ಮತ್ತೆ ಗರಗಸ, ಮತ್ತೆ ಸ್ಮೂದಿಂಗ್. ಹನ್ನೆರಡೂ ಪಾಸು ಎಂದು ಸಹಿ ಹಾಕಿದೆ. ಒಂಬತ್ತರ ಚಿತ್ರ ಗೋಡೆಗೆ ಏರಿತು.

ಮಳೆಗಾಲದಲ್ಲಿ ಒಂದು ಮುಂಜಾನೆ ನೀರು ಬಿಡುವ ಸುದ್ದಿ ಬಂತು. ನಾನೂ ಗೋಕಾಕದ ಕೋಣೆಯಲ್ಲಿದ್ದೆ. ಮೈಕಿನಲ್ಲಿ ಮೂರು ಸಲ ಹೇಳಿದರು. ಚಹಾ ಕುಡಿದು ಗೋಡೆಯ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಮಧ್ಯಾಹ್ನಕ್ಕೆ ಮೂಡಲಗಿ ಕಡೆಯಿಂದ ಫೋನ್ ಬಂತು. ಹೊಳೆಸಾಲಿನ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ರಾತ್ರಿ ತರುಬಿ ನಿಲ್ಲಿಸಿದ್ದ ಕುರಿಗಳು ನೀರಲ್ಲಿ ಕೊಚ್ಚಿ ಹೋಗಿವೆ, ಕುರಿಯವಳು ಜಾಲಿಗಿಡ ಹತ್ತಿ ಬದುಕಿದ್ದಾಳೆ.

“ಎಷ್ಟನೇ ಕಂಬ?” ಎಂದು ಕೇಳಿದೆ.

“ಒಂಬತ್ತು.”

ಆ ಅಂಕಿ ಕೇಳಿ ಗೋಡೆಯ ಚಿತ್ರದ ಕಡೆ ತಿರುಗಿದೆ. ಯಾವ ಕಂಬವಾದರೂ ಆಗಬಹುದಿತ್ತು. ಅದು ಮಾತ್ರ ಸಾಧ್ಯವೇ ಇರಲಿಲ್ಲ.

ಗುತ್ತಿಗೆದಾರರೂ ನಾನೂ ಹೋಗಿ ಮುಟ್ಟುವಾಗ ಆ ಹೆಣ್ಣುಮಗಳು ದಿಬ್ಬದ ಮೇಲೆ, ಕಂಬದ ಬುಡದಲ್ಲೇ ಕೂತಿದ್ದಳು. ನಲವತ್ತರ ಆಸುಪಾಸು. ಒದ್ದೆ ಕಂಬಳಿ ಹೊದ್ದು, ಉಳಿದ ಹತ್ತೋ ಹನ್ನೆರಡೋ ಕುರಿಗಳನ್ನು ಒತ್ತಿಕೊಂಡಿದ್ದಳು. ಒಂದು ಮರಿ ಅವಳ ಮಡಿಲಲ್ಲಿ ನಡುಗುತ್ತಿತ್ತು. ಪೆಟ್ಟಿಗೆ ಬಿಚ್ಚಿ ಒತ್ತಿ ನೋಡಿದೆವು. ಕಂಬ ಸತ್ತಿತ್ತು.

ಗುತ್ತಿಗೆದಾರರು ಅವಳನ್ನು ಕೇಳಿದರು, “ಮುಂಜಾನೆ ಮೂರು ಸಲ ಒದರೇತಿ. ಏಳಾಕ ಏನಾಗಿತ್ತ ನಿನಗ?”

“ಒದರಿಲ್ರಿ.”

“ನಿದ್ದಿ ಹತ್ತಿತ್ತೇನ?”

“ಹಾಲ ಹಿಂಡಾಕತ್ತಿದ್ದೆ. ನಿದ್ದಿ ಎಲ್ಲಿಂದ ಬರಬೇಕ್ರಿ?” ಎಂದಳು. ಆಮೇಲೆ ತಲೆ ಎತ್ತಿ ಕಂಬ ನೋಡಿದಳು. “ಇದು ಇಲ್ಲದಾಗ ಹೊಳಿ ಬಣ್ಣಾ ನೋಡಿ ಏಳತಿದ್ವಿ. ಇದು ಬಂದ ಮ್ಯಾಲೆ ಇದ ಹೇಳತೈತಿ ಅಂತ ಹೊಳಿ ಕಡೆ ನೋಡೂದ ಬಿಟ್ಟೀವಿ.” ನನ್ನ ಕಡೆ ತಿರುಗಿದಳು. “ಯಜ್ಜಾ, ನೀ ಇದನ್ನ ನೋಡಕೊಳ್ಳಾಂವ ಅಂತಲ್ಲ. ನೀನರ ಹೇಳು, ಒದರಿತ್ತೇನ ಇದು?”

ನಾನು ಬಗ್ಗಿ ಪೆಟ್ಟಿಗೆಯ ಬಾಗಿಲು ಮುಚ್ಚಿದೆ.

ಆ ಹೊತ್ತಿನಲ್ಲಿ ಹೊಲಗಳಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಕಡೆ ಅವಳೊಬ್ಬಳ ಮಾತು, ಇನ್ನೊಂದು ಕಡೆ ನನ್ನ ಗೆರೆ. ಗೋಕಾಕದ ಅಧಿಕಾರಿಗಳ ವರದಿ ತಯಾರಾಯಿತು: ಕಂಬ ಸುಸ್ಥಿತಿಯಲ್ಲಿತ್ತು, ಎಚ್ಚರಿಕೆ ಬಿತ್ತರವಾಗಿದೆ, ಕುರಿಗಾಹಿ ಗಮನಿಸಿಲ್ಲ, ಕಂಬ ಕೆಟ್ಟದ್ದು ನಂತರ, ನೆರೆಯಿಂದ. ಅದರ ಕೆಳಗೆ ಸಹಿ ಮಾಡಿದೆ. ಕುರಿ ಹೋದದ್ದು ಸಾಲದೆಂದು ಅವಳಿಗೆ ಊರಲ್ಲಿ ನಿದ್ದೆಬಡಕಿ ಎಂಬ ಹೆಸರೂ ಬಂತು. ಯಾರೂ ಅವಳನ್ನು ಕುರಿ ತರುಬಲು ಕರೆಯುತ್ತಿಲ್ಲ ಎಂದು ಕೇಳಿದೆ.

ನೀರು ಇಳಿದ ಮೇಲೆ ಯಂತ್ರ ತೆಗೆದುಕೊಂಡು ನಾನೊಬ್ಬನೇ ಒಂಬತ್ತನೆಯ ಕಂಬಕ್ಕೆ ಹೋದೆ. ಯಾಕೆಂದು ನಿಜ ಹೇಳಬೇಕು: ಅವಳು ಸುಳ್ಳು ಹೇಳಿದ್ದಾಳೆ ಎಂದು ನನಗೆ ನಾನೇ ರುಜುವಾತು ಮಾಡಿಕೊಳ್ಳಲು ಹೋಗಿದ್ದೆ.

ಮೊದಲು ಕಂಡದ್ದು ನೆರೆಯ ಗುರುತು. ದಿಬ್ಬದ ಅರ್ಧಕ್ಕೇ ನಿಂತಿತ್ತು. ಪೆಟ್ಟಿಗೆಗೆ ನೀರು ಮುಟ್ಟಿಯೇ ಇರಲಿಲ್ಲ. ನೆರೆಯಿಂದ ಕೆಟ್ಟಿತೆಂಬ ಮಾತು ಅಲ್ಲಿಗೇ ಮುಗಿಯಿತು. ಕ್ಯಾಲಿಬ್ರೇಷನ್ ಮಾಡಿ ಕೇಬಲ್ ಜೋಡಿಸಿದೆ. ಗೆರೆ ಸುಮಾರು ಮೊದಲಿನಂತೆಯೇ ತಳದಲ್ಲಿ ಕೂತಿತು. ಉಸಿರು ಬಂತು. ಆಮೇಲೆ ಏನನ್ನಿಸಿತೋ, ಕೇಬಲ್ಲಿನ ತುದಿಯ ಕನೆಕ್ಟರಿನ ಹಿಂಬದಿಯ ನಟ್ಟನ್ನು ಪಾನಾ ಹಾಕಿ ಬಿಚ್ಚಿದೆ. ಒಂದು ಚಮಚದಷ್ಟು ಹಸಿರು ನೀರು ನನ್ನ ಅಂಗೈಗೆ ಇಳಿಯಿತು. ಒಳಗಿನ ತಾಮ್ರ ಪಾಚಿಗಟ್ಟಿ, ಮುಟ್ಟಿದರೆ ಉದುರಿತು. ಅದು ಒಂದು ದಿನದ ಕೆಡುಕಲ್ಲ. ಕಂಬದ ತುದಿಯಲ್ಲಿ ಸುತ್ತಿದ ಟೇಪು ಬಿಟ್ಟುಕೊಂಡು ಅಡ್ಡಮಳೆಯ ನೀರು ಕೇಬಲ್ಲಿನ ಒಳಗೇ ಇಳಿದು ಇಲ್ಲಿ ನಿಂತಿತ್ತು.

ಒಂದು ಕೈಯಲ್ಲಿ ಕೊಳೆತ ತಾಮ್ರ, ಎದುರಿಗೆ ಪರದೆಯಲ್ಲಿ ಸೇವ್ ಆದ ಚೆಂದದ ಗೆರೆ. ಹೆಣ ನೋಡಿ ಆರೋಗ್ಯವಾಗಿದೆ ಎನ್ನುವ ವೈದ್ಯನನ್ನು ಕಂಡ ಹಾಗಾಯಿತು. ಅಲ್ಲಿಯೇ ಕೂತು ಮೇಡಂಗೆ ಫೋನ್ ಮಾಡಿದೆ. ಇಷ್ಟು ದಿನ ಏಳದ ನಾಲಿಗೆ ಎದ್ದಿತು. “ಮೇಡಂ, ನಂಗ ಈ ಮಷೀನ್ ತಿಳದಿಲ್ರಿ. ಅವತ್ತ ತಿಳದೈತಿ ಅಂದದ್ದು ಸುಳ್ಳು.”

“ಬರ್ರಿ ಕಾಕಾ,” ಎಂದರು.

ಹುಕ್ಕೇರಿಯ ಪ್ರಯೋಗಾಲಯದಲ್ಲಿ ಅವರು ಯಂತ್ರವನ್ನು ಮುಟ್ಟಲೇ ಇಲ್ಲ. “ಲೋಡ್ ಕೊಡ್ರಿ,” ಎಂದು ಅದಕ್ಕೆ ಸಾಮಾನ್ಯ ಮಲ್ಟಿಮೀಟರ್ ಹಚ್ಚಿದರು. ಐವತ್ತು ಓಮ್ ತೋರಿಸಬೇಕು. ಮೂವತ್ತರ ಸುತ್ತ ಕುಣಿಯುತ್ತಿತ್ತು. ಸೂಜಿಯಿಂದ ಒಳಗೆ ಕೆದರಿದರು. ಬಿಳಿ ಹೆಂಟೆಯೊಂದು ಬಿಳಿ ಕಾಗದದ ಮೇಲೆ ಬಿತ್ತು.

“ಇದೇನ್ರಿ ಕಾಕಾ? ಬೂದಿ?” ಎಂದು ಮೂಸಿ ನೋಡಿದರು. ಆಮೇಲೆ ನನ್ನ ಹಣೆ ನೋಡಿದರು. ನಗು ಬಂದಿತ್ತು, ಬಾಯಿಗೆ ಕೈ ಅಡ್ಡ ಹಿಡಿದರು. ನನ್ನ ಮುಖ ಕಂಡು ಕೈ ಕೆಳಗಿಳಿಸಿದರು.

“ಪೂಜಿ ಮಾಡಿದ್ವಿರಿ,” ಎಂದೆ. “ಕಾಯಿ ನೀರೂ ಬಿದ್ದಿರಬೇಕು.”

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಹಸಿ ಬೂದಿ, ಕಾಯಿನೀರಿನ ಉಪ್ಪು ಸೇರಿ ಲೋಡಿಗೆ ರೋಗ ಹಿಡಿದಿತ್ತು. ನಾನು ದಿನಾ ಮುಂಜಾನೆ ಆ ರೋಗವನ್ನು ತೋರಿಸಿ ಇದೇ ಆರೋಗ್ಯ ಎಂದು ಯಂತ್ರಕ್ಕೆ ಕಲಿಸಿದ್ದೆ. ಗಟ್ಟಿಮುಟ್ಟಾದ ಹನ್ನೊಂದು ಕಂಬಗಳು ಅದಕ್ಕೆ ರೋಗಿಗಳಂತೆ ಕಂಡವು. ನೀರು ಕುಡಿದ ಒಂಬತ್ತನೆಯದು ಮಾತ್ರ ಲೋಡಿನ ಹಾಗೆಯೇ ಕೆಟ್ಟಿತ್ತು. ಅದನ್ನೇ ಬರೋಬ್ಬರಿ ಎಂದಿತು.

“ವಿಭೂತಿದು ಏನೂ ತಪ್ಪಿಲ್ರಿ ಕಾಕಾ,” ಎಂದರು ಮೇಡಂ. “ಮೊದಲನೇ ಕಂಬಕ್ಕ ಸಂಶೇ ಬಂದಿತ್ತಲ್ಲ ನಿಮಗ? ಮಲ್ಟಿಮೀಟರ್ ನಿಮ್ಮ ಚೀಲದಾಗ ಇರಲಿಲ್ಲೇನು?”

ಇತ್ತು. ಇಡೀ ಆಯುಷ್ಯ ಅದರಲ್ಲೇ ಓಮ್ ನೋಡಿದವನು ನಾನು. ಗೊತ್ತಿಲ್ಲದ್ದನ್ನು ಮುಚ್ಚಲು ಹೋಗಿ ಗೊತ್ತಿದ್ದದ್ದನ್ನೂ ಮರೆತಿದ್ದೆ.

ಮಾರನೆಯ ದಿನ ಗುತ್ತಿಗೆದಾರರ ಮುಂದೆ ನಾಲ್ಕು ಪುಟದ ಬರಹ ಇಟ್ಟೆ. ಪೂಜೆ, ಲೋಡ್, ಸ್ಮೂದಿಂಗ್, ಸಹಿ, ಎಲ್ಲ.

ಓದಿ ಹೌಹಾರಿದರು. “ಹುಚ್ಚ ಹಿಡದೈತೇನ ಕಾಕಾ? ಆಕಿ ಏನ್ ಕೇಸ್ ಹಾಕ್ಯಾಳೇನ? ಹೊಸಾ ಲೋಡ್ ತರಿಸಿ ಕಂಬ ರಿಪೇರಿ ಮಾಡ್ರಿ, ಮುಗೀತು. ಈ ವಯಸ್ಸಿನ್ಯಾಗ ಹೆಸರ ಕೆಡಿಸ್ಕೋತೀರಿ?”

“ಆಕಿ ಹೆಸರ ಕೆಟ್ಟೈತಲ್ರಿ ಸಾವ್ಕಾರ್ರ,” ಎಂದು ಪುಟಗಳನ್ನು ಎತ್ತಿಕೊಂಡು ನೇರ ಅಧಿಕಾರಿಗಳ ಕೈಗೆ ಕೊಟ್ಟೆ. ಅವರು ಬಯ್ದರು, ಬಯ್ಯಬೇಕಾದದ್ದೇ. ಹಳೆಯ ವರದಿ ಹಿಂದಕ್ಕೆ ಪಡೆದರು. ಹೊಸ ತುಣುಕುಗಳು ಬರುವವರೆಗೆ ಮೇಡಂ ತಮ್ಮ ಪ್ರಯೋಗಾಲಯದ್ದನ್ನು ಕೊಟ್ಟರು. ಹನ್ನೆರಡೂ ಕಂಬ ಮತ್ತೆ ನೋಡಿದೆ, ದಿನಾ ಮುಂಜಾನೆ ಲೋಡಿಗೆ ಮೀಟರ್ ಹಚ್ಚಿ. ಹನ್ನೊಂದು ಗೆರೆಗಳು ಯಾವ ನುಣುಪೂ ಇಲ್ಲದೆ ಕೆಂಪಿನ ಬಹಳ ಕೆಳಗೆ ನಿಂತವು. ಒಂಬತ್ತರದು ಮಾತ್ರ ಕೆಂಪು ದಾಟಿ ಮೇಲೆ ಹೋಗಿ ಕೂತಿತು. ಅದರ ಕೇಬಲ್, ಕನೆಕ್ಟರ್ ಎಲ್ಲ ಬದಲಾಯಿಸಿ ಮತ್ತೆ ಅಳೆದಾಗ ಅದರ ಗೆರೆಯೂ ಕೆಳಗಿಳಿಯಿತು.

ಆ ಹೆಣ್ಣುಮಗಳನ್ನು ಹುಡುಕಿಕೊಂಡು ಹೋದಾಗ ಅವಳು ಮಮದಾಪುರದ ಆಚೆ ಗೋಮಾಳದಲ್ಲಿ ಉಳಿದ ಕುರಿ ಮೇಯಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಕೈ ಮುಗಿದೆ. ಅವಳು ಮುಗಿದ ಕೈ ನೋಡಲಿಲ್ಲ.

“ಅಂದ್ರ ನನಗ ನಿದ್ದಿ ಹತ್ತಿರಲಿಲ್ಲ.”

“ಇಲ್ಲವ್ವಾ.”

“ಇದನ್ನ ನನಗ್ಯಾಕ ಹೇಳತಿ? ನನಗ ಗೊತ್ತಿದ್ದದ್ದ. ಊರಿಗೆ ಹೇಳು. ಆ ಕಂಬದಾಗ ಹೇಳು.”

ಅಧಿಕಾರಿಗಳು ಒಪ್ಪಿದರು, ಹೇಗೂ ಪರೀಕ್ಷೆಗೆಂದು ಏನಾದರೂ ಮಾತಾಡಲೇಬೇಕಿತ್ತು. ಅವಳು ಒಂಬತ್ತನೆಯ ಕಂಬದ ಹತ್ತಿರ ನಿಂತು, ಕೇಳಿದ ಕೂಡಲೇ ಫೋನ್ ಮಾಡುವುದೆಂದು ಮಾತಾಯಿತು. ಗೋಕಾಕದ ಕೋಣೆಯಲ್ಲಿ ಮೈಕಿನ ಮುಂದೆ ಕೂತೆ. ಹನ್ನೆರಡು ಹಳ್ಳಿಗಳಿಗೆ ಕೇಳುವಂತೆ ನನ್ನ ಹೆಸರು, ಊರು ಹೇಳಿದೆ. ಆ ದಿನ ಒಂಬತ್ತನೆಯ ಕಂಬ ಒದರಲಿಲ್ಲ, ಕುರಿ ಕಾಯುವ ತಾಯಿ ಹೇಳಿದ್ದೇ ಖರೆ, ತಪ್ಪು ನನ್ನದು ಎಂದೆ. ಮೈಕ್ ಬಂದ್ ಮಾಡಿ ಕಾಯ್ದೆ.

ಫೋನ್ ಬರಲಿಲ್ಲ. ಎರಡನೆಯ ಸಲ ಹೇಳಿದೆ. ಬರಲಿಲ್ಲ. ಮೂರನೆಯ ಸಲ ಹೇಳಿದೆ. ಆಗಲೂ ಬರಲಿಲ್ಲ.

“ಆಕಿ ಫೋನಿಗೆ ರೇಂಜ್ ಇರಾಕಿಲ್ಲ. ಗೆರಿ ಚಂದ ಐತಿ, ಸಹಿ ಮಾಡ್ರಿ,” ಎಂದರು ಬಾಗಿಲಲ್ಲಿ ನಿಂತಿದ್ದ ಗುತ್ತಿಗೆದಾರರು.

ಗೆರೆ ನಿಜಕ್ಕೂ ಚೆಂದವಿತ್ತು. ಎದುರಿಗಿದ್ದ ಒಂಬತ್ತರ ಹೊಸ ವರದಿಗೆ ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕಿದೆ. “ಕೇಳಿಸಿಲ್ಲ ಅಂದ್ರ ಕೇಳಿಸಿಲ್ರಿ. ಹೋಗಿ ಮತ್ತ ಬಿಚ್ಚಿ ನೋಡತೇನಿ,” ಎಂದು ಯಂತ್ರವನ್ನು ಹೆಗಲಿಗೆ ಹಾಕಿ, ಗಾಡಿ ಹತ್ತುವ ಮುಂಚೆ ನಾನೇ ಅವಳಿಗೆ ಫೋನ್ ಹಚ್ಚಿದೆ. “ಯವ್ವಾ, ಕಂಬ ಇನ್ನೂ ಕೆಟ್ಟೈತಿ ಅಂತ ಕಾಣ್ತೈತಿ. ನಾ ಹೊಂಟೇನಿ, ಅಲ್ಲೇ ಇರು.”

ಆ ಕಡೆ ಕುರಿಗಳ ದನಿ ಕೇಳಿತು.

“ಬರೂದ ಬ್ಯಾಡ ಯಜ್ಜಾ,” ಎಂದಳು. “ಮೊದಲನೇ ಸಲಾನ ಕೇಳಿತ್ತು. ನಾ ಕೇಳಿಲ್ಲ ಅಂದ್ರ ನೀ ಏನ ಬರೀತಿ ನೋಡೂಣು ಅಂತ ಸುಮ್ಮನಿದ್ದೆ.”

ಹೆಗಲ ಮೇಲಿನ ಯಂತ್ರವನ್ನು ಕೆಳಗಿಟ್ಟೆ.

“ಈಗ ಬರಿ,” ಎಂದಳು.